ಮೊಹರು ಬಿದ್ದ ಕಾಲುಗಳು

ಕಾಲು ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಸರಕಾರಿ ಆಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಕೋಣೆಗೆ ಅಂಟಿಕೊಂಡ ಉದ್ದನೆಯ ಶೆಡ್ಡಿನಲ್ಲಿ, ಕಾಲು ಕಳೆದುಕೊಂಡವರಿಗೆ ಕಾಲು ಮಾಡಿಕೊಡುವುದು ಅವರ ಕೆಲಸ. ಮಾಡಿಕೊಟ್ಟ ಮೇಲೆ ಎರಡು ಕಂಬಿಗಳ ನಡುವೆ ನಿಲ್ಲಿಸಿ, ಎದುರಿನ ನಿಲುವುಗನ್ನಡಿ ತೋರಿಸಿ, “ನೆಲ ನೋಡಬೇಡ, ನಿನ್ನ ಮುಖ ನೋಡ್ಕೊಂಡು ನಡಿ” ಎನ್ನುತ್ತಿದ್ದರು. ಹಾಗೆ ನಡೆಯಲು ಕಲಿತವರೇ ಅವರಿಗೆ ಮೇಷ್ಟ್ರ ಪಟ್ಟ ಕಟ್ಟಿದ್ದು.

ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಸಂಜೆ ಕೆಲಸ ಮುಗಿಸಿ ಬಂದರೆ ಮೈಮೇಲೆಲ್ಲ ಪ್ಲಾಸ್ಟರಿನ ಬಿಳಿ ಪುಡಿ. ಹೆಂಡತಿ ಬಾಗಿಲಲ್ಲೇ ತಡೆದು, ಹಳೆಯ ಟವೆಲ್ಲಿನಿಂದ ಬೆನ್ನು ಕೊಡವಿ, “ಹಿಟ್ಟಿನ ಗಿರಣಿಯವನನ್ನ ಕಟ್ಟಿಕೊಂಡಿದ್ರೂ ಇಷ್ಟು ಧೂಳು ಇರ್ತಿರಲಿಲ್ಲ” ಎನ್ನುತ್ತಿದ್ದಳು. ಮೇಷ್ಟ್ರಿಗೆ ಒಂದು ಹಟವಿತ್ತು. ಕತ್ತರಿಸಿದ ಕಾಲು, ಮೊಂಡುಗಾಲು ಎಂಬ ಮಾತನ್ನು ಶೆಡ್ಡಿನೊಳಗೆ ಯಾರೂ ಆಡಕೂಡದು. “ಉಳಿದ ಕಾಲು ಅನ್ನಿ. ಹೋದದ್ದರ ಲೆಕ್ಕ ಡಾಕ್ಟರಿಗೆ ಇರಲಿ, ನಾವು ಉಳಿದದ್ದರ ಜನ.”

ಮಕ್ಕಳಿಲ್ಲದ ಮನೆ ಅದು. ಆದರೆ ಖಾಲಿ ಮನೆಯೇನಲ್ಲ. ಹೆಂಡತಿಯ ತಮ್ಮ ಚಿಕ್ಕಂದಿನಲ್ಲೇ ತಾಯಿ ಕಳೆದುಕೊಂಡು ಅಕ್ಕನ ಸೆರಗು ಹಿಡಿದು ಬಂದವನು ಅಲ್ಲೇ ಬೆಳೆದ. ಅಕ್ಕನಿಗೆ ಅವನು ತಮ್ಮನೂ ಹೌದು, ಮಗನೂ ಹೌದು. ಓದು ಅರ್ಧಕ್ಕೆ ನಿಂತಾಗ ಮೇಷ್ಟ್ರೇ ಅವರಿವರ ಕಾಲು ಹಿಡಿದು ಅವನನ್ನು ಶೆಡ್ಡಿನ ಉಗ್ರಾಣಕ್ಕೆ ಸೇರಿಸಿದರು. “ಊರಿಗೆಲ್ಲ ಕಾಲು ಮಾಡಿಕೊಡೋ ನನಗೂ ಕಾಲು ಹಿಡಿಯೋ ಕೆಲಸ ಬಂತಲ್ಲೋ” ಎಂದು ಅವನನ್ನು ರೇಗಿಸುತ್ತಿದ್ದರು. ಸಾಮಾನು ಇಳಿಸಿಕೊಳ್ಳುವುದು, ಪರೀಕ್ಷಿಸಿ ರುಜು ಹಾಕುವುದು, ಕೇಳಿದಾಗ ಎತ್ತಿಕೊಡುವುದು ಅವನ ಕೆಲಸ. ಭಾವ, ಭಾವಮೈದ ಒಂದೇ ಡಬ್ಬಿಯ ಊಟ ಹಂಚಿಕೊಂಡು ತಿಂದು ಒಟ್ಟಿಗೆ ಮನೆಗೆ ಬರುತ್ತಿದ್ದರು.

ಶೆಡ್ಡಿನಿಂದ ತಿಂಗಳಿಗೆ ಹೊರಬರುತ್ತಿದ್ದ ಕಾಲುಗಳು ಕಡಿಮೆ. ಆದರೆ ಬಂದದ್ದು ಗಟ್ಟಿ. ಹಾಗಿರುವಾಗ ಸರಕಾರ ದೊಡ್ಡ ಯೋಜನೆಯೊಂದನ್ನು ಸಾರಿತು: ಕಾಲಿಲ್ಲದವರು ಒಬ್ಬರೂ ಉಳಿಯಬಾರದು, ಎಲ್ಲರಿಗೂ ಪುಕ್ಕಟೆ ಕಾಲು. ಶೆಡ್ಡಿಗೆ ಬಣ್ಣ ಬಂತು, ಬಾಗಿಲಿಗೆ ಫಲಕ ಬಂತು, ಮೇಲೆ ಕೂರಲು ನಿರ್ದೇಶಕರೊಬ್ಬರು ಬಂದರು. ಅವರನ್ನು ಎಲ್ಲರೂ ದೊಡ್ಡ ಸಾಹೇಬರು ಎನ್ನುತ್ತಿದ್ದರು. ಮೇಷ್ಟ್ರಿಗೆ ಮೊದಮೊದಲು ಹಿಗ್ಗೋ ಹಿಗ್ಗು. “ಇನ್ಮೇಲೆ ಯಾರಿಗೂ ‘ಮುಂದಿನ ವರ್ಷ ಬಾ’ ಅನ್ನಬೇಕಾಗಿಲ್ಲ ಕಣೇ” ಎಂದು ಹೆಂಡತಿಗೆ ಹೇಳಿದ್ದು ಗೋಡೆಯಾಚೆ ನಮಗೂ ಕೇಳಿಸಿತ್ತು.

ಹಣ ಬಂದಷ್ಟು ಬೇಗ ಕಾಲು ಬರಲಿಲ್ಲ. ಬಂದದ್ದು ಹೊಸ ಗುತ್ತಿಗೆದಾರನ ಸಾಮಾನು. ಪಾದಗಳ ಪೆಟ್ಟಿಗೆ ಒಡೆದಾಗಲೇ ಮೇಷ್ಟ್ರ ಮೂಗು ಅರಳಿತು. ಒಳ್ಳೆಯ ರಬ್ಬರಿನ ವಾಸನೆ ಅದಕ್ಕೆ ಇರಲಿಲ್ಲ. ಹೆಬ್ಬೆರಳಿನಿಂದ ಒತ್ತಿದರೆ ಹಿಮ್ಮಡಿಯ ಬಳಿ ಸಣ್ಣ ಬಿರುಕು. ಪಾದವನ್ನು ಕಾಲಿಗೆ ಬಿಗಿಯುವ ಬೋಲ್ಟು ಕೂಡ ಹಗುರ, ತವರದ ಹಾಗೆ.

“ಇದನ್ನ ವಾಪಸ್ ಕಳಿಸು” ಎಂದರು ಭಾವಮೈದನಿಗೆ.

“ಭಾವ, ಇದು ಮೇಲಿಂದ ಬಂದಿರೋದು.”

“ಮೇಲಿಂದ ಬಂದ್ರೇನು? ಇದು ಕೆಳಗೆ ಹಾಕ್ಕೊಳ್ಳೋದು ಕಣೋ. ಮೇಲಿನವರು ಹಾಕ್ಕೊಂಡು ನಡೀತಾರಾ?”

ಅವನು ನಕ್ಕ. ಆದರೆ ನಗುವಾಗ ಭಾವನ ಮುಖ ನೋಡಲಿಲ್ಲ. ಮೇಷ್ಟ್ರು ಮೆಟ್ಟಿಲು ಹತ್ತಿ ದೊಡ್ಡ ಸಾಹೇಬರ ಕೋಣೆಗೂ ಹೋಗಿ ಬಂದರು. ಅಲ್ಲಿ ಅವರಿಗೆ ಚಹಾ ಕೊಟ್ಟು, ನೀವು ಕೆಲಸದಲ್ಲಿ ಹಳಬರು, ಹೊಸ ಸಾಮಾನಿಗೆ ಹೊಂದಿಕೊಳ್ಳಲು ಸ್ವಲ್ಪ ಸಮಯ ಬೇಕು ಎಂದು ಬೆನ್ನು ತಟ್ಟಿ ಕಳಿಸಿದರು. ಸಾಮಾನು ಮಾತ್ರ ಬರುತ್ತಲೇ ಹೋಯಿತು. ಪೆಟ್ಟಿಗೆಗಳಲ್ಲಿ ಅರ್ಧಕ್ಕರ್ಧ ಹುಲ್ಲು ತುಂಬಿರುತ್ತಿತ್ತು. ಭಾವಮೈದ ಬೇರೆ ಮನೆ ಮಾಡಿದ, ಹೊಸ ಮೋಟಾರ್ ಸೈಕಲ್ ಕೊಂಡ. ಅಕ್ಕನಿಗೆ ಚಿನ್ನದ ಓಲೆ ತಂದ. ಅವಳು ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಾಗ ಮೇಷ್ಟ್ರು ಚೆನ್ನಾಗಿದೆ ಎಂದಷ್ಟೇ ಹೇಳಿದರು. ಎಲ್ಲಿಂದ ಬಂತು ಎಂದು ಕೇಳುವ ಮಾತು ನಾಲಗೆಯ ತುದಿಗೆ ಬಂದು ಮರಳಿತು. ಮನೆಯೊಳಗೆ ಬೇಲಿ ಎದ್ದು ಹೊಲ ಮೇಯುತ್ತಿದೆ ಎಂದು ಯಾರಿಗೆ ತಾನೇ ಒಪ್ಪಿಕೊಳ್ಳುವ ಮನಸ್ಸಾಗುತ್ತದೆ?

ಅವರು ತಮ್ಮ ಕೈಲಾದದ್ದನ್ನು ಮಾಡಿದರು. ಹಳೆಯ ದಾಸ್ತಾನಿನಲ್ಲಿ ಉಳಿದಿದ್ದ ಒಳ್ಳೆಯ ಪಾದಗಳನ್ನು ಮಕ್ಕಳಿಗೆ, ಭಾರ ಹೊರುವ ಕೆಲಸದವರಿಗೆ ಎಂದು ಬೇರೆ ತೆಗೆದಿಟ್ಟರು. ಆದರೂ ಅದು ಎಲ್ಲರಿಗೂ ಸಾಲಲಿಲ್ಲ. ಗಾರೆ ಕೆಲಸದವನೊಬ್ಬನಿದ್ದ. ನಗುಮುಖದ ಆಳು, ಬೀಡಿ ಸೇದುತ್ತ ಕಂಬಿಗಳ ನಡುವೆ ನಡೆದು ಬೈಸಿಕೊಂಡವನು. ಮೇಷ್ಟ್ರು ರಜೆಯಲ್ಲಿದ್ದ ವಾರ ಶೆಡ್ಡಿನ ಬೇರೆಯವರು ಅವನಿಗೆ ಹೊಸ ಸಾಮಾನಿನ ಕಾಲು ಕೊಟ್ಟು ಕಳಿಸಿದ್ದರು. ಕಟ್ಟುತ್ತಿದ್ದ ಮನೆಯ ಮೆಟ್ಟಿಲು ಇಳಿಯುವಾಗ ಬೋಲ್ಟು ಮುರಿಯಿತು. ಬಿದ್ದ ಪೆಟ್ಟು ತಲೆಗೆ. ಅದೇ ಆಸ್ಪತ್ರೆಯ ಮುಂಬಾಗಿಲಿಂದ ಅವನನ್ನು ಒಳಗೆ ತಂದರು. ಅವನು ಮತ್ತೆ ಕಣ್ಣು ಬಿಡಲಿಲ್ಲ.

ಆ ದಿನ ಮೇಷ್ಟ್ರು ಮನೆಗೆ ಬಂದಾಗ ಹೆಂಡತಿ ಟವೆಲ್ ಹಿಡಿದು ಬಾಗಿಲಿಗೆ ಬಂದರೆ, ಅವರು ಬೆನ್ನು ತಿರುಗಿಸದೆ ಹಾಗೆಯೇ ನಿಂತಿದ್ದರು. ಅಂಗೈಯಲ್ಲಿ ಬೋಲ್ಟಿನ ಎರಡು ತುಂಡು.

“ಏನ್ರೀ ಅದು?”

“ಕಾಲು ಕೈಕೊಡ್ತು” ಎಂದರು. ತಮ್ಮ ಬಾಯಿಂದ ಬಂದ ಮಾತು ತಮಗೇ ತಮಾಷೆಯ ಹಾಗೆ ಕೇಳಿಸಿರಬೇಕು. ಕುಸಿದು ಕೂತು ಅತ್ತುಬಿಟ್ಟರು.

ಗಾರೆಯವನ ಹೆಂಡತಿ ಸುಮ್ಮನೆ ಕೂರುವವಳಲ್ಲ. ಕಚೇರಿಯಿಂದ ಕಚೇರಿಗೆ ಅಲೆದಳು, ಬಾಗಿಲು ಬಾಗಿಲಲ್ಲಿ ಕಿರುಚಿದಳು. ಕೊನೆಗೆ ಸರಕಾರದ ಲೆಕ್ಕ ತಪಾಸಣೆಯ ಕಚೇರಿಯಿಂದ ಒಬ್ಬ ಅಧಿಕಾರಿಣಿ ಬಂದರು. ನಡುವಯಸ್ಸಿನ ಹೆಂಗಸು, ಮೆದು ಮಾತು, ಕೇಳುವುದನ್ನು ಮಾತ್ರ ಬಿಡುವವರಲ್ಲ. ಮೊದಲ ದಿನ ಮೇಲಿನ ಕೋಣೆಗಳಲ್ಲಿ ಕಳೆದರು. ಶೆಡ್ಡಿನವರನ್ನು ನಾಳೆ ಮಾತಾಡಿಸುತ್ತೇನೆ ಎಂದು ಹೇಳಿಕಳಿಸಿದರು.

ಆ ಸಂಜೆ ಮೇಷ್ಟ್ರ ಮನೆಯಲ್ಲಿ ಭಾವಮೈದ ಊಟಕ್ಕೆ ಬಂದಿದ್ದ. ಅವನ ಮದುವೆ ನಿಶ್ಚಯವಾಗುವುದರಲ್ಲಿತ್ತು, ಅದರದೇ ಮಾತು. ಅಧಿಕಾರಿಣಿಯ ವಿಷಯ ಅವನೇ ಎತ್ತಿದ. “ಬರ್ತಾರೆ, ಹೋಗ್ತಾರೆ ಭಾವ. ಹಿಂದೆ ಎಷ್ಟು ಜನ ಬಂದು ಹೋಗಿಲ್ಲ?” ಎಂದ. ಮೇಷ್ಟ್ರು ತಟ್ಟೆಯಿಂದ ತಲೆ ಎತ್ತಲಿಲ್ಲ. ನಾಳೆ ಏನು ಹೇಳಬೇಕೆಂದು ಅವರು ಆಗಲೇ ನಿರ್ಧರಿಸಿದ್ದರು. ಅವನಿಗೆ ಹೇಳಿದರೆ ಅವನು ಬೆಳಗಾಗುವುದರೊಳಗೆ ಕಾಲಿಗೆ ಬುದ್ಧಿ ಹೇಳಿಯಾನು, ಇಲ್ಲವೇ ಪೆಟ್ಟಿಗೆಗಳನ್ನು ಸಾಗಿಸಿಯಾನು ಎಂದು ಅವರಿಗೆ ಅನ್ನಿಸಿತ್ತು. ಅವನು ಹೊರಟಾಗ ಬಾಗಿಲವರೆಗೆ ಹೋಗಿ, “ಗಾಡಿ ನಿಧಾನ ಓಡಿಸು” ಎಂದಷ್ಟೇ ಹೇಳಿದರು.

ಹೆಂಡತಿಗೆ ವಾಸನೆ ಹತ್ತಿತ್ತು. ಪಾತ್ರೆ ಎತ್ತಿಡುತ್ತ ಕೇಳಿದಳು: “ನಾಳೆ ಎಲ್ಲಾ ಹೇಳ್ತೀರಾ?”

“ಹೇಳ್ತೀನಿ.”

“ಹೇಳಬೇಡಿ ಅನ್ನಲ್ಲ. ಅವನ ಹೆಸರೊಂದು ಬಿಟ್ಟು ಹೇಳಿ. ಮಿಕ್ಕವರು ದೊಡ್ಡವರು, ಹೇಗೋ ದಡ ಸೇರ್ತಾರೆ. ಇವನಿಗೆ ನಮ್ಮನ್ನ ಬಿಟ್ರೆ ಯಾರಿದಾರೆ?”

“ಅವರು ಕೇಳಲಿಲ್ಲ ಅಂದ್ರೆ ಹೇಳಲ್ಲ” ಎಂದರು ಮೇಷ್ಟ್ರು.

ಅಧಿಕಾರಿಣಿ ಕೇಳಿದರು. ಬೋಲ್ಟಿನ ತುಂಡನ್ನು ಮೇಜಿನ ಮೇಲಿಟ್ಟುಕೊಂಡು ಸಾಮಾನು, ಗುತ್ತಿಗೆ, ದೊಡ್ಡ ಸಾಹೇಬರ ಮಾತು ಎಲ್ಲ ಕೇಳಿ ಮುಗಿಸಿ, ಏಳುವ ಮುಂಚೆ ತೀರಾ ಸಾದಾ ದನಿಯಲ್ಲಿ, “ಸಾಮಾನು ಸರಿಯಿದೆ ಅಂತ ನೋಡಿ ಇಳಿಸಿಕೊಂಡವರು ಯಾರು?” ಎಂದರು.

ಮೇಷ್ಟ್ರು ಕಿಟಕಿಯ ಕಡೆ ನೋಡಿದರು. ಹೊರಗೆ ಭಾವಮೈದ ಯಾರ ಜೊತೆಗೋ ನಗುತ್ತ ನಿಂತಿದ್ದ.

“ನನ್ನ ಹೆಂಡತಿ ತಮ್ಮ” ಎಂದರು.

ಅದೇ ಮಧ್ಯಾಹ್ನ ಪೊಲೀಸರು ಬಂದು ಭಾವಮೈದನನ್ನು ಹಿಡಿದುಕೊಂಡು ಹೋದರು. ಶೆಡ್ಡಿನಲ್ಲಿದ್ದದ್ದೆಲ್ಲ ಸಾಕ್ಷ್ಯ ಎಂದಾಯಿತು. ಬಾಗಿಲಿಗೆ ಬೀಗ, ಬೀಗಕ್ಕೆ ಬಟ್ಟೆ, ಬಟ್ಟೆಯ ಮೇಲೆ ಕೆಂಪು ಅರಗಿನ ಮೊಹರು. ಒಳಗೆ ಪೆಟ್ಟಿಗೆಗಳಷ್ಟೇ ಅಲ್ಲ, ಮುಗಿದ ಕಾಲು, ಅರೆಬರೆಯಾದ ಕಾಲು, ಒಣಗಲು ಇಟ್ಟ ಅಚ್ಚು, ಅರ, ಉಳಿ, ಕನ್ನಡಿ ಎಲ್ಲವೂ ಉಳಿದವು. ಮರುದಿನ ಬೆಳಗ್ಗೆ ಎಂದಿನಂತೆ ಕೋಲೂರಿಕೊಂಡು ಬಂದವರು ಮೊಹರಿನ ಮುಂದೆ ನಿಂತು ಒಬ್ಬರ ಮುಖ ಒಬ್ಬರು ನೋಡಿದರು. ಅವರಲ್ಲಿ ಒಬ್ಬ ಮುದುಕ, “ಕಳ್ಳರು ಹೋಗಿದ್ದು ಜೈಲಿಗೆ, ನಮ್ಮ ಕಾಲು ಯಾಕಪ್ಪ ಒಳಗೆ?” ಎಂದ. ಕೆಲವರು ನಕ್ಕರು.

ಒಳಗಿದ್ದ ಕಾಲುಗಳಲ್ಲಿ ಪುಟ್ಟಿಯದೂ ಒಂದು. ಬಸ್ಸಿನ ಚಕ್ರಕ್ಕೆ ಮೊಣಕಾಲಿನ ಕೆಳಗಿನದನ್ನು ಕೊಟ್ಟು ಬಂದ ಹುಡುಗಿ. ತಾಯಿ ಬಟ್ಟೆ ಹೊಲಿಯುವವಳು. ಮೇಷ್ಟ್ರು ಆ ಕಾಲನ್ನು ಹಳೆಯ ಒಳ್ಳೆಯ ಸಾಮಾನಿನಲ್ಲೇ ಮಾಡಿದ್ದರು. ತೊಗಲಿನ ಪಟ್ಟಿ ಹೊಲಿಯುವುದೊಂದೇ ಬಾಕಿ. ಪುಟ್ಟಿ ಅದನ್ನು ಒಂದು ಸಲ ಹಾಕಿಕೊಂಡು ನಿಂತೂ ನೋಡಿದ್ದಳು. ನಿಂತವಳು ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡು, “ಅಮ್ಮಾ, ನಾನು ನಿನ್ನ ಭುಜಕ್ಕೆ ಬಂದಿದೀನಿ!” ಎಂದು ಕೂಗಿದ್ದಳು.

ಮೇಷ್ಟ್ರು ಅಧಿಕಾರಿಣಿಯ ಕಚೇರಿಗೆ ಹೋದರು.

“ಮೇಡಂ, ಆ ಒಂದು ಕಾಲು ಬಿಟ್ಟುಕೊಡಿ. ಅದು ಸಾಕ್ಷಿ ಅಲ್ಲ, ಮಗುವಿನ ಕಾಲು.”

“ಅದು ಹಳೇ ಸಾಮಾನಿಂದ ಮಾಡಿದ್ದು ಅಂತ ನನಗೆ ನಂಬಿಕೆ ಇದೆ. ಕೋರ್ಟಿಗೆ ಹೇಗೆ ತೋರಿಸ್ತೀರಿ?”

“ಬಾಗಿಲು ತೆಗೀರಿ, ಮುಟ್ಟಿ ತೋರಿಸ್ತೀನಿ.”

“ಬಾಗಿಲು ತೆಗೆಯೋ ಅಧಿಕಾರ ನನಗಿಲ್ಲ. ಹಾಕಿಸೋ ತನಕ ಮಾತ್ರ ಇತ್ತು.” ಅಧಿಕಾರಿಣಿ ಪೆನ್ನು ಕೈಗೆತ್ತಿಕೊಂಡು, “ಬರೀತೀನಿ ಮೇಷ್ಟ್ರೇ” ಎಂದರು.

ಅವರು ಬರೆದದ್ದು ನಿಜ. ಪುಟ್ಟಿಯ ಕಾಲಿಗಾಗಿ ನ್ಯಾಯಾಲಯಕ್ಕೆ ಬರೆದರು; ಕೇಸು ಮುಗಿಯುವ ತನಕ ಯಾವುದನ್ನೂ ಬಿಡಲಾಗದು ಎಂದು ಉತ್ತರ ಬಂತು. ಸರಕಾರಕ್ಕೆ ಕೊಟ್ಟ ವರದಿಯಲ್ಲಿ, ತಪ್ಪಿತಸ್ಥರನ್ನು ಶಿಕ್ಷಿಸಿ, ಕೆಲಸ ಬಲ್ಲವರ ಕೈಗೆ ಶೆಡ್ಡನ್ನು ಕೊಟ್ಟು ಬೇಗ ತೆರೆಯಿರಿ ಎಂದೂ ಬರೆದರು. ಸರಕಾರ ಆ ವರದಿಯ ಮೊದಲರ್ಧವನ್ನೇ ಓದಿಕೊಂಡಿತು. ಇಷ್ಟು ಮೋಸ ನಡೆದ ಯೋಜನೆಯೇ ಬೇಡ ಎಂದು ಅದನ್ನು ಕೈಬಿಟ್ಟಿತು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ದೊಡ್ಡ ಸಾಹೇಬರು ಒಳ್ಳೆಯ ವಕೀಲರನ್ನು ಇಟ್ಟುಕೊಂಡು, ತಮಗೇನೂ ಗೊತ್ತಿರಲಿಲ್ಲ, ಉಗ್ರಾಣದವನ ರುಜು ನಂಬಿ ಸಹಿ ಹಾಕಿದೆ ಎಂದು ಹೇಳಿ ಪಾರಾದರು. ಗುತ್ತಿಗೆದಾರ ಬೇರೆ ಹೆಸರಿನಲ್ಲಿ ಬೇರೆ ಇಲಾಖೆಗೆ ಹಾಸಿಗೆ ಮಾರತೊಡಗಿದ. ಶಿಕ್ಷೆ ಆದದ್ದು ಭಾವಮೈದನಿಗೆ. ಕೂಡಿಬರುತ್ತಿದ್ದ ಮದುವೆ ಮುರಿಯಿತು.

ಮೇಷ್ಟ್ರನ್ನು ಆಸ್ಪತ್ರೆಯ ಚೀಟಿ ಕೊಡುವ ಕಿಟಕಿಗೆ ಹಾಕಿದರು. ಕಿಟಕಿಯಿಂದ ಜನರ ಮುಖ, ಕೈ ಕಾಣುತ್ತಿತ್ತು, ಕಾಲು ಕಾಣುತ್ತಿರಲಿಲ್ಲ. ಸಾಲಿನಲ್ಲಿ ಕೋಲಿನ ಸದ್ದು ಕೇಳಿದರೆ ಮಾತ್ರ ಅವರು ತಲೆ ತಗ್ಗಿಸಿ ಚೀಟಿಯ ಮೇಲೆ ಹೆಸರು ಬರೆಯುತ್ತಿದ್ದರು. ಕೆಲವರು ಗುರುತು ಹಿಡಿದು ಮಾತಾಡಿಸುತ್ತಿದ್ದರು. ಒಬ್ಬಾತ ಮಾತ್ರ, “ಕೆಟ್ಟ ಕಾಲಾದ್ರೂ ಸಿಗ್ತಿತ್ತು ಮೇಷ್ಟ್ರೇ, ನೀವು ನಿಜ ಹೇಳಿ ಅದನ್ನೂ ಕಳೆದ್ರಿ” ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಹೋದ.

ಮನೆಯಲ್ಲಿ ಜಗಳವಾಗಲಿಲ್ಲ. ಆಗಿದ್ದರೆ ಗೋಡೆಯಾಚೆ ನಮಗೆ ಕೇಳುತ್ತಿತ್ತು. ಹೆಂಡತಿ ಅಡುಗೆ ಮಾಡಿ ಬಡಿಸುತ್ತಿದ್ದಳು, ಅಂಗಿ ಒಗೆಯುತ್ತಿದ್ದಳು, ಉಪ್ಪು ಮುಗಿದಿದೆ, ನಲ್ಲಿ ಸೋರುತ್ತಿದೆ ಎನ್ನುತ್ತಿದ್ದಳು. ಭೇಟಿಗೆ ಬಿಡುವ ದಿನಗಳಲ್ಲಿ ಡಬ್ಬಿ ಕಟ್ಟಿಕೊಂಡು ಒಬ್ಬಳೇ ಜೈಲಿಗೆ ಹೋಗಿ ಬರುತ್ತಿದ್ದಳು. ನಾನೂ ಬರ್ತೀನಿ ಎಂದು ಮೇಷ್ಟ್ರು ಒಮ್ಮೆ ಚಪ್ಪಲಿ ಮೆಟ್ಟಿದಾಗ, “ಬೇಡ, ಅವನು ಊಟ ಮಾಡಲ್ಲ ಆಮೇಲೆ” ಎಂದಳು. ಆ ಓಲೆಗಳನ್ನು ಪೊಲೀಸರಿಗೆ ಅವಳೇ ಬಿಚ್ಚಿಕೊಟ್ಟಿದ್ದಳು. ಹೊಸದನ್ನು ಕೊಳ್ಳೋಣ ಎಂದರೆ, ಕಿವಿ ಹಗುರಾಗಿದೆ, ಹೀಗೇ ಇರಲಿ ಅನ್ನುತ್ತಿದ್ದಳು.

ಪುಟ್ಟಿಗಾಗಿ ಮೇಷ್ಟ್ರು ಮನೆಯ ಹಿತ್ತಲಲ್ಲಿ ಮರದ ಕಾಲೊಂದನ್ನು ಕೆತ್ತಿದರು. ಅಳತೆ ಕೈಗಳಿಗೆ ನೆನಪಿತ್ತು. ಆದರೆ ಶೆಡ್ಡಿನಲ್ಲಿದ್ದ ಅಚ್ಚು ಕಾಯಿಸುವ ಒಲೆ ಇಲ್ಲ, ಉಳಿದ ಕಾಲು ಕೂರುವ ಬಟ್ಟಲಿನ ಒಳಗೆ ಹಾಸುವ ಮೆತ್ತೆ ಇಲ್ಲ. ಹುಡುಗಿ ಹಾಕಿಕೊಂಡು ಬೀದಿಯ ತುದಿವರೆಗೆ ಹೋಗಿ ಬಂದಳು. ನೋವನ್ನು ಬಾಯಿಬಿಟ್ಟು ಹೇಳಲಿಲ್ಲ. ತಾಯಿ ಕಾಲು ಬಿಚ್ಚಿದಾಗ ಚರ್ಮ ಕಿತ್ತುಬಂದಿತ್ತು. ಮೇಷ್ಟ್ರು ಆ ಮರದ ಕಾಲನ್ನು ಅಲ್ಲೇ ಕೊಡಲಿಯಿಂದ ಸೀಳಿ ಬಚ್ಚಲೊಲೆಗೆ ಹಾಕಿದರು. ಆಮೇಲೆ ಅವರು ಮಾಡಿದ್ದು ಊರುಗೋಲು. ಕಂಕುಳಿಗೆ ನೋಯದ ಹಾಗೆ ಹಳೆಯ ಸೈಕಲ್ ಟ್ಯೂಬು ಸುತ್ತಿ, ತುದಿಗೆ ರಬ್ಬರ್ ಬಿಗಿದು, ಅವಳು ಬೆಳೆದಂತೆಲ್ಲ ಉದ್ದ ಮಾಡಿಕೊಡುತ್ತಿದ್ದರು.

ಎಷ್ಟೋ ವರ್ಷಗಳ ಮೇಲೆ, ಕೇಸು ಎಲ್ಲ ಕೋರ್ಟುಗಳನ್ನೂ ದಾಟಿ ಮುಗಿದ ಬಳಿಕ, ಶೆಡ್ಡಿನ ಮೊಹರು ಒಡೆಯಲು ಆಜ್ಞೆ ಬಂತು. ಅದನ್ನು ವಾಹನ ನಿಲ್ಲಿಸುವ ಜಾಗ ಮಾಡುವುದಿತ್ತು. ಗುರುತಿಸಲು ಮೇಷ್ಟ್ರನ್ನು ಕರೆದರು. ಅವರು ಪುಟ್ಟಿಗೂ ಅವಳ ತಾಯಿಗೂ ಹೇಳಿಕಳಿಸಿದರು. ಯಾಕೆ ಹೇಳಿಕಳಿಸಿದರೋ, ಅವರಿಗೂ ಗೊತ್ತಿತ್ತೋ ಇಲ್ಲವೋ. ಒಳಗೆ ಇಲಿಗಳು ತೊಗಲನ್ನೆಲ್ಲ ತಿಂದಿದ್ದವು. ಪ್ಲಾಸ್ಟರಿನ ಅಚ್ಚುಗಳು ನೀರು ಕುಡಿದು ಬೂದಿಯಂತಾಗಿದ್ದವು. ಪುಟ್ಟಿಯ ಕಾಲು ಮಾತ್ರ ಮೇಜಿನ ಮೇಲೆ ಇಟ್ಟಲ್ಲೇ ಇತ್ತು, ಹೊಸದರ ಹಾಗೆ.

ಪುಟ್ಟಿ ಆಗ ತಾಯಿಗಿಂತ ಎತ್ತರದ ಹೆಣ್ಣು. ಊರುಗೋಲನ್ನು ಗೋಡೆಗೆ ಒರಗಿಸಿ, ಆ ಕಾಲನ್ನು ಎತ್ತಿಕೊಂಡು ತನ್ನ ಪಕ್ಕ ಹಿಡಿದು ನೋಡಿದಳು. ಅದು ಅವಳ ಇನ್ನೊಂದು ಕಾಲಿನ ಮಂಡಿಗೂ ಬರಲಿಲ್ಲ.

“ಎಷ್ಟು ಪುಟ್ಟದಿತ್ತು” ಎಂದಳು, ಬೇರೆ ಯಾರದ್ದೋ ಮಗುವಿನ ಅಂಗಿ ನೋಡಿದವಳಂತೆ.

“ಹೊಸದು ಮಾಡ್ತೀನಮ್ಮ. ಎಲ್ಲಾದ್ರೂ ಸಾಮಾನು ಹೊಂದಿಸ್ತೀನಿ.”

“ಬೇಡ ಮೇಷ್ಟ್ರೇ. ನನಗೆ ಈಗ ಇದೇ ಅಭ್ಯಾಸ. ಕಾಲು ಬಂದ್ರೆ ಮತ್ತೆ ಮೊದಲಿಂದ ನಡೆಯೋದು ಕಲೀಬೇಕು.” ಅವರ ಮುಖ ನೋಡಿ, “ನಿಮ್ಮ ಕೋಲು ಚೆನ್ನಾಗಿದೆ” ಎಂದು ಸೇರಿಸಿದಳು. ತಾಯಿ ಬಾಗಿಲ ಹೊರಗೆ ನಿಂತಿದ್ದವಳು ಒಳಗೆ ಬರಲೇ ಇಲ್ಲ.

ಭಾವಮೈದ ಬಿಡುಗಡೆಯಾಗಿ ಬಂದದ್ದು ಅದಾದ ಸ್ವಲ್ಪ ಕಾಲಕ್ಕೆ. ತಲೆ ಅರ್ಧ ನೆರೆತಿತ್ತು. ಅಕ್ಕ ಅವನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಊಟಕ್ಕೆ ಇಬ್ಬರನ್ನೂ ಎದುರುಬದುರು ಕೂರಿಸಿದಳು. ಮೇಷ್ಟ್ರೇ ಮೊದಲು, “ನಾನು ಸುಳ್ಳು ಹೇಳೋಕೆ ಆಗ್ತಿರಲಿಲ್ಲ ಕಣೋ” ಎಂದರು.

“ನೀವು ಹೇಳಿದ್ದು ಸರಿ ಭಾವ. ನಾನು ತಿಂದಿದ್ದು ನಿಜ. ಆ ಗಾರೆಯವನ ಮುಖ ಜೈಲಲ್ಲಿ ಒಂದು ದಿನವೂ ಬಿಟ್ಟಿಲ್ಲ ನನ್ನ.” ಅವನು ತಟ್ಟೆಯ ಅಂಚನ್ನು ಬೆರಳಿಂದ ಸವರುತ್ತಿದ್ದ. “ಆದರೆ ಹಿಂದಿನ ಸಂಜೆ ಇದೇ ಜಾಗದಲ್ಲಿ ಕೂತು ಊಟ ಮಾಡಿದ್ವಿ. ನಿಮಗೆ ಗೊತ್ತಿತ್ತು. ನನಗೊಂದು ಮಾತು ಹೇಳಿದ್ದಿದ್ರೆ, ನಾನೇ ಹೋಗಿ ಹೇಳ್ತಿದ್ನೇನೋ. ದೊಡ್ಡ ಸಾಹೇಬರ ಹೆಸರೂ ಹೇಳ್ತಿದ್ದೆ, ಅವರು ನನ್ನ ಬಾಯಿ ಮುಚ್ಚಿಸೋಕೆ ಮುಂಚೆ.”

“ನೀನು ಓಡಿಹೋಗ್ತೀಯ ಅಂದುಕೊಂಡೆ.”

“ಓಡಿಹೋಗ್ತಿದ್ನೇನೋ. ಅದೂ ಗೊತ್ತಿಲ್ಲ. ಅದೇ ನೋಡಿ, ಈಗ ನನಗೂ ಗೊತ್ತಾಗೋ ಹಾಗಿಲ್ಲ.”

ಅವನು ಕೋಪದಲ್ಲಿ ಹೇಳಲಿಲ್ಲ. ಊಟ ಮುಗಿಸಿ, ಅಕ್ಕನ ಮಾತಿಗೆ ಎರಡು ದಿನ ಇದ್ದು, ದೂರದ ಊರೊಂದರಲ್ಲಿ ಲಾರಿ ಶೆಡ್ಡಿನ ಕಾವಲು ಕೆಲಸ ಹಿಡಿದು ಹೊರಟುಹೋದ. ಹೋಗುವಾಗ ಭಾವನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡ. ಮತ್ತೆ ಬರಲಿಲ್ಲ.

ಅವನು ಹೋದ ದಿನ ಮೇಷ್ಟ್ರ ಹೆಂಡತಿ ಹಿತ್ತಲ ಬಾಗಿಲಲ್ಲಿ ಕೂತು ಬೇಳೆ ಆರಿಸುತ್ತಿದ್ದಳು. ಮೇಷ್ಟ್ರು ಪಕ್ಕದಲ್ಲೇ ಯಾರದ್ದೋ ಊರುಗೋಲಿಗೆ ರಬ್ಬರ್ ಬಿಗಿಯುತ್ತಿದ್ದರು. ನಾನು ಗೋಡೆಯ ಈಚೆ ಬಟ್ಟೆ ಹರವುತ್ತಿದ್ದೆ.

“ಅವನಿಗೊಂದು ಮಾತು ಹೇಳಬಹುದಿತ್ತು ನೀವು” ಎಂದಳು. ಇಷ್ಟು ವರ್ಷಗಳಲ್ಲಿ ಆ ವಿಷಯಕ್ಕೆ ಬಾಯಿಬಿಟ್ಟದ್ದು ಅದೇ ಮೊದಲು.

“ಹೌದು.”

“ಮೊನ್ನೆ ಊಟಕ್ಕೆ ಕೂತು ಅವನು ಹಾಗಂದಾಗ, ‘ಆ ಗಾರೆಯವನಿಗೆ ಯಾರು ಮುಂಚೆ ಹೇಳಿದ್ರು’ ಅಂತ ನೀವು ಅವನನ್ನ ಕೇಳ್ತೀರಿ ಅಂದುಕೊಂಡಿದ್ದೆ.”

“ಕೇಳಬೇಕು ಅಂತ ಬಾಯಿಗೆ ಬಂತು.”

“ಕೇಳಬಾರದಿತ್ತಾ?”

ಮೇಷ್ಟ್ರು ಬಿಗಿದ ರಬ್ಬರನ್ನು ನೆಲಕ್ಕೆ ಒತ್ತಿ ನೋಡಿದರು. “ಕೇಳಿದ್ರೆ ಅವನು ತಟ್ಟೆ ಬಿಟ್ಟು ಏಳ್ತಿದ್ದ. ನೀನು ಅವನಿಗೆ ಮನೇಲಿ ಕೂರಿಸಿ ಊಟ ಬಡಿಸಿ ಎಷ್ಟು ವರ್ಷ ಆಗಿತ್ತು” ಎಂದರು.

ಆಮೇಲೆ ಅವಳ ಕೈಯಲ್ಲಿ ಮೊರ ಅಲುಗಿದ ಸದ್ದು ಕೇಳಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು.